ವಿಮಾನ ನಿಲ್ದಾಣಗಳ ನಡುವಣ ದೂರ ಮತ್ತು ಪ್ರಯಾಣಾವಧಿ

ಎರಡು ವಿಮಾನ ನಿಲ್ದಾಣಗಳ ನಡುವಣ ಅಂತರವನ್ನೂ ಅದನ್ನು ಕ್ರಮಿಸಲು ವಿಮಾನಕ್ಕೆ ಬೇಕಾಗುವ ಹೊತ್ತನ್ನೂ ಜೋಡಿಯಾಗಿಯೇ ಹೇಳುವುದು ರೂಢಿ. ಬೆಂಗಳೂರಿನಿಂದ ದೆಹಲಿಗೆ ಸುಮಾರು 1,700 ಕಿ.ಮೀ., ಎರಡೂಮುಕ್ಕಾಲು ಗಂಟೆ. ಸ್ಯಾನ್ ಫ್ರಾನ್ಸಿಸ್ಕೊಗೆ ಸುಮಾರು 14,000 ಕಿ.ಮೀ., ಹದಿನಾರು–ಹದಿನೇಳು ಗಂಟೆ. ಜೊತೆಯಲ್ಲಿ ಬಂದರೂ ಈ ಎರಡು ಸಂಖ್ಯೆಗಳ ಸ್ವಭಾವ ಒಂದೇ ಅಲ್ಲ. ದೂರವನ್ನು ನಿರ್ಧರಿಸುವುದು ಭೂಮಿಯ ಆಕಾರ. ನಿಲ್ದಾಣವೇ ಜಾಗ ಬದಲಿಸದ ಹೊರತು ಅದು ಬದಲಾಗದು. ಅವಧಿಯನ್ನು ನಿರ್ಧರಿಸುವುದು ಗಾಳಿ, ಪರ್ವತ, ದೇಶಗಳ ನಡುವಣ ಸಂಬಂಧ, ವಿಮಾನದ ಮಾದರಿ ಮತ್ತು ರನ್‌ವೇ ಮುಂದಿನ ಸಾಲು. ಅದು ಋತುವಿನಿಂದ ಋತುವಿಗೆ, ಹೋಗುವಾಗೊಂದು ಬರುವಾಗೊಂದು ಆಗುತ್ತದೆ. ಉದ್ದದ ದಾರಿ ಕಡಿಮೆ ಹೊತ್ತಿನಲ್ಲಿ ಮುಗಿಯುವುದೂ ಉಂಟು. ಹೀಗಾಗಿ ದೂರ ಗೊತ್ತಾದ ಮಾತ್ರಕ್ಕೆ ಸಮಯ ಗೊತ್ತಾಗುವುದಿಲ್ಲ.

ದೂರದ ಅಳತೆ

ವಿಮಾನಯಾನದಲ್ಲಿ ದೂರ ಎಂದರೆ ಒಂದು ನಿಲ್ದಾಣದ ಆಧಾರಬಿಂದುವಿನಿಂದ ಇನ್ನೊಂದರ ಆಧಾರಬಿಂದುವಿಗೆ ಭೂಮಿಯ ಮೇಲ್ಮೈಗುಂಟ ಅಳೆದ ಅತಿ ಚಿಕ್ಕ ಅಂತರ. ಪ್ರತಿ ನಿಲ್ದಾಣಕ್ಕೂ ಅದರ ರನ್‌ವೇಗಳ ನಡುಮಧ್ಯಕ್ಕೆ ಹತ್ತಿರದ ಒಂದು ಬಿಂದುವನ್ನು ಗೊತ್ತುಮಾಡಿ, ಅದರ ಅಕ್ಷಾಂಶ, ರೇಖಾಂಶಗಳನ್ನು ಅಧಿಕೃತವಾಗಿ ಪ್ರಕಟಿಸಲಾಗುತ್ತದೆ. ಬೆಂಗಳೂರಿನ ಕೆಂಪೇಗೌಡ ಅಂತರರಾಷ್ಟ್ರೀಯ ವಿಮಾನ ನಿಲ್ದಾಣದ ಬಿಂದು ಸುಮಾರು 13.2 ಡಿಗ್ರಿ ಉತ್ತರ ಅಕ್ಷಾಂಶ, 77.7 ಡಿಗ್ರಿ ಪೂರ್ವ ರೇಖಾಂಶದಲ್ಲಿದೆ. 2008ರ ಮೇ ತಿಂಗಳಲ್ಲಿ ನಾಗರಿಕ ವಿಮಾನಗಳು ಎಚ್‌ಎಎಲ್ ನಿಲ್ದಾಣದಿಂದ ದೇವನಹಳ್ಳಿಗೆ ಸ್ಥಳಾಂತರಗೊಂಡಾಗ ಈ ಬಿಂದು ಸುಮಾರು 28 ಕಿ.ಮೀ. ಉತ್ತರಕ್ಕೆ ಸರಿಯಿತು. ದೆಹಲಿಗೆ ಆಕಾಶದ ದಾರಿ ಅಷ್ಟು ಕಡಿಮೆಯಾಯಿತು. ನಗರದ ದಕ್ಷಿಣ ಭಾಗದಲ್ಲಿರುವವರಿಗೆ ನಿಲ್ದಾಣ ತಲಪುವ ರಸ್ತೆ ಅದಕ್ಕಿಂತ ಹೆಚ್ಚು ಬೆಳೆಯಿತು.

ಗೋಳದ ಕೇಂದ್ರದ ಮೂಲಕ ಹಾಯುವ ಸಮತಲವು ಅದರ ಮೇಲ್ಮೈಯನ್ನು ಕತ್ತರಿಸುವ ವೃತ್ತವನ್ನು ಮಹಾವೃತ್ತ ಎನ್ನುತ್ತಾರೆ. ಗೋಳದ ಮೇಲಿನ ಯಾವ ಎರಡು ಬಿಂದುಗಳ ನಡುವೆಯೂ ಅತಿ ಚಿಕ್ಕ ದಾರಿ ಮಹಾವೃತ್ತದ ತುಂಡೇ ಆಗಿರುತ್ತದೆ. ಎರಡು ಊರುಗಳು ಭೂಕೇಂದ್ರದಲ್ಲಿ ಮಾಡುವ ಕೋನವನ್ನು ತ್ರಿಕೋನಮಿತಿಯಿಂದ ಕಂಡುಕೊಂಡರೆ ಕೆಲಸ ಮುಗಿದಂತೆ: ಪ್ರತಿ ಡಿಗ್ರಿಗೆ ಸುಮಾರು 111.2 ಕಿ.ಮೀ. ಬೆಂಗಳೂರು ಮತ್ತು ಸ್ಯಾನ್ ಫ್ರಾನ್ಸಿಸ್ಕೊಗಳ ನಡುವಣ ಕೋನ ಸುಮಾರು 125.8 ಡಿಗ್ರಿ, ದೂರ 13,990 ಕಿ.ಮೀ. ಆಸುಪಾಸು. ಈ ಲೆಕ್ಕಕ್ಕೆ ಬಳಕೆಯಲ್ಲಿರುವ ಹೆವರ್‌ಸೈನ್ ಸೂತ್ರ ಹಡಗಿನವರಿಂದ ಬಂದದ್ದು. ಹತ್ತಿರದ ಊರುಗಳ ಲೆಕ್ಕದಲ್ಲೂ ಅದು ನಿಖರತೆ ಕಳೆದುಕೊಳ್ಳದ ಕಾರಣ ಇಂದಿನ ಕಂಪ್ಯೂಟರ್ ಪ್ರೋಗ್ರಾಂಗಳಲ್ಲೂ ಉಳಿದುಕೊಂಡಿದೆ.

ಭೂಮಿ ಪೂರ್ಣ ಗೋಳವಲ್ಲ. ಸಮಭಾಜಕದಲ್ಲಿ ಅದರ ತ್ರಿಜ್ಯ 6,378 ಕಿ.ಮೀ., ಧ್ರುವದಲ್ಲಿ 6,357 ಕಿ.ಮೀ. ಗೋಳವೆಂದು ಭಾವಿಸಿ ಮಾಡಿದ ಲೆಕ್ಕದಲ್ಲಿ ಶೇ. 0.5ರವರೆಗೆ ತಪ್ಪು ನುಸುಳಬಹುದು. ಚಪ್ಪಟೆಯಾದ ನಿಜ ಆಕಾರವನ್ನು ಗಣನೆಗೆ ತೆಗೆದುಕೊಳ್ಳುವ ಸೂತ್ರಗಳನ್ನು ತಡ್ಡಿಯಸ್ ವಿನ್ಸೆಂಟಿ 1975ರಲ್ಲಿ ಪ್ರಕಟಿಸಿದ. ಉಪಗ್ರಹ ಸಂಚರಣೆಗೆ ಆಧಾರವಾದ ಭೂಮಾದರಿಯ ಮೇಲೆ ಇಂಥ ಸೂತ್ರಗಳನ್ನು ಬಳಸಿದರೆ ಪ್ರಯಾಣಿಕರಿಗಾಗಲಿ ಪೈಲಟ್‌ಗಳಿಗಾಗಲಿ ಲೆಕ್ಕಕ್ಕೇ ಬಾರದಷ್ಟು ಸಣ್ಣ ವ್ಯತ್ಯಾಸ ಉಳಿಯುತ್ತದೆ.

ಪೈಲಟ್‌ಗಳು ಕಿಲೋಮೀಟರಿನಲ್ಲಿ ಮಾತಾಡುವುದಿಲ್ಲ. ಅವರ ಅಳತೆ ನಾಟಿಕಲ್ ಮೈಲಿ, ಅಂದರೆ 1.852 ಕಿ.ಮೀ. ಅಕ್ಷಾಂಶದ ಒಂದು ಡಿಗ್ರಿಯ ಅರವತ್ತನೇ ಒಂದು ಭಾಗಕ್ಕೆ ಅದು ಹತ್ತಿರವಿರುವುದರಿಂದ ನಕಾಶೆಯ ಮೇಲೆ ನೇರವಾಗಿ ಅಳೆಯಲು ಅನುಕೂಲ. ಗಂಟೆಗೆ ಒಂದು ನಾಟಿಕಲ್ ಮೈಲಿಯ ವೇಗಕ್ಕೆ ನಾಟ್ ಎಂದು ಹೆಸರು.

ನಕಾಶೆಯ ಗೆರೆ, ಗೋಳದ ಗೆರೆ

ಶಾಲೆಯ ಗೋಡೆಯಲ್ಲಿ ತೂಗುವ ಪ್ರಪಂಚದ ನಕಾಶೆಗಳಲ್ಲಿ ಅನೇಕವು 1569ರಲ್ಲಿ ಗೆರಾರ್ಡಸ್ ಮರ್ಕೇಟರ್ ರೂಪಿಸಿದ ವಿಧಾನವನ್ನು ಅನುಸರಿಸಿದವು. ಒಂದೇ ದಿಕ್ಕನ್ನು ಹಿಡಿದು ಸಾಗುವ ಹಡಗಿನ ದಾರಿ ಈ ನಕಾಶೆಯಲ್ಲಿ ನೇರ ಗೆರೆಯಾಗಿ ಕಾಣುತ್ತದೆ. ಸಮುದ್ರಯಾನಕ್ಕೆ ಅದು ದೊಡ್ಡ ವರವಾಯಿತು. ಆದರೆ ಆ ನೇರ ಗೆರೆ ಅತಿ ಚಿಕ್ಕ ದಾರಿಯಲ್ಲ. ಇಂಥ ನಕಾಶೆಯಲ್ಲಿ ಬೆಂಗಳೂರಿನಿಂದ ಪೂರ್ವಕ್ಕೆ ಸ್ಯಾನ್ ಫ್ರಾನ್ಸಿಸ್ಕೊವರೆಗೆ ಸ್ಕೇಲಿಟ್ಟು ಗೆರೆ ಎಳೆದರೆ ಅದು ಪೆಸಿಫಿಕ್ ಸಾಗರದ ನಡುವೆ ಹಾಯುತ್ತದೆ. ಅದರ ಉದ್ದ ಸುಮಾರು 16,100 ಕಿ.ಮೀ. ಮಹಾವೃತ್ತದ ದಾರಿಗಿಂತ ಇದು 2,100 ಕಿ.ಮೀ. ಹೆಚ್ಚು.

ಭೂಗೋಳದ ಪ್ರತಿಕೃತಿಯ ಮೇಲೆ ಎರಡೂ ಊರುಗಳಿಗೆ ದಾರವೊಂದನ್ನು ಹಿಡಿದು ಬಿಗಿಯಾಗಿ ಎಳೆದರೆ ನಿಜವಾದ ದಾರಿ ಕಾಣುತ್ತದೆ. ಬೆಂಗಳೂರಿನಿಂದ ಅದು ಉತ್ತರಕ್ಕೆ ಮುಖಮಾಡಿ, ಕೇವಲ ಇಪ್ಪತ್ತು ಡಿಗ್ರಿಯಷ್ಟು ಪೂರ್ವಕ್ಕೆ ವಾಲಿಕೊಂಡು ಹೊರಡುತ್ತದೆ. ನೇಪಾಳ, ಟಿಬೆಟ್, ಪಶ್ಚಿಮ ಚೀನಾ, ಮಂಗೋಲಿಯಾ, ಸೈಬೀರಿಯಾಗಳನ್ನು ದಾಟಿ 71 ಡಿಗ್ರಿ ಉತ್ತರದ ಹತ್ತಿರ ಆರ್ಕ್‌ಟಿಕ್ ಸಮುದ್ರವನ್ನು ಮುಟ್ಟಿ, ಅಲಾಸ್ಕಾದ ಮೇಲಿಂದ ಕ್ಯಾಲಿಫೋರ್ನಿಯಾಕ್ಕೆ ಇಳಿಯುತ್ತದೆ. ಅಮೆರಿಕೆಗೆ ಹೋಗುವವರು ಉತ್ತರದ ಹಿಮಪ್ರದೇಶದ ಕಡೆಗೆ ಯಾಕೆ ಹಾರುತ್ತಾರೆ ಎಂಬ ಪ್ರಶ್ನೆಗೆ ಉತ್ತರ ಇಲ್ಲಿದೆ: ಗೋಳದ ಮೇಲೆ ಆ ದಾರಿಯೇ ನೇರ.

ವಿಮಾನ ನಿಜವಾಗಿ ಹಾರುವ ದಾರಿ

ಅತಿ ಚಿಕ್ಕ ದಾರಿ ಗೊತ್ತಿದ್ದರೂ ವಿಮಾನ ಅದರ ಮೇಲೆಯೇ ಹಾರುವುದು ಅಪರೂಪ. ಮೊದಲ ಅಡ್ಡಿ ನೆಲದ ಎತ್ತರ. ವಿಮಾನದೊಳಗಿನ ವಾಯು ಒತ್ತಡ ಕುಸಿದರೆ ಪೈಲಟ್‌ಗಳು ಕೂಡಲೇ ಸುಮಾರು 10,000 ಅಡಿಗೆ, ಅಂದರೆ 3,000 ಮೀಟರಿಗೆ ಇಳಿಯಬೇಕು. ಪ್ರಯಾಣಿಕರ ಮುಖಕ್ಕೆ ಇಳಿಬೀಳುವ ಆಮ್ಲಜನಕದ ಮುಸುಕುಗಳು ಸಾಮಾನ್ಯವಾಗಿ ಹತ್ತಿಪ್ಪತ್ತು ನಿಮಿಷಗಳಿಗಷ್ಟೇ ಸಾಲುತ್ತವೆ. ಟಿಬೆಟ್ ಪ್ರಸ್ಥಭೂಮಿಯ ಸರಾಸರಿ ಎತ್ತರವೇ 4,500 ಮೀಟರ್ ಮೀರುತ್ತದೆ. ಇಳಿಯಲು ಅಲ್ಲಿ ಆಕಾಶವೇ ಉಳಿದಿರುವುದಿಲ್ಲ. ಹಾಗಾಗಿ ಹಿಮಾಲಯ–ಟಿಬೆಟ್ ಪ್ರದೇಶವನ್ನು ದೂರಪ್ರಯಾಣದ ವಿಮಾನಗಳು ಬಹುಮಟ್ಟಿಗೆ ಸುತ್ತಿಕೊಂಡು ಹೋಗುತ್ತವೆ.

ಎರಡನೆಯದು ಎಂಜಿನ್ನಿನ ಕುರಿತ ಎಚ್ಚರಿಕೆ. ಎರಡು ಎಂಜಿನ್ನಿನ ವಿಮಾನದಲ್ಲಿ ಒಂದು ಕೆಟ್ಟರೆ, ಉಳಿದೊಂದರಿಂದ ನಿಗದಿತ ಸಮಯದೊಳಗೆ ಯಾವುದಾದರೂ ನಿಲ್ದಾಣ ತಲಪುವಂತಿರಬೇಕು. 1953ರ ಅಮೆರಿಕದ ನಿಯಮದಲ್ಲಿ ಈ ಮಿತಿ 60 ನಿಮಿಷವಿತ್ತು. 1985ರಲ್ಲಿ 120 ನಿಮಿಷಕ್ಕೆ ಅನುಮತಿ ದೊರೆತ ಮೇಲೆ ಎರಡು ಎಂಜಿನ್ನಿನ ವಿಮಾನಗಳು ಅಟ್ಲಾಂಟಿಕ್ ಸಾಗರವನ್ನು ಹೆಚ್ಚು ನೇರವಾಗಿ ದಾಟತೊಡಗಿದವು. 1988ರಲ್ಲಿ ಮಿತಿ 180 ನಿಮಿಷಕ್ಕೇರಿತು. ಎಂಜಿನ್ನುಗಳ ಮೇಲಿನ ನಂಬಿಕೆ ಬೆಳೆದಂತೆ ಮಾರ್ಗಗಳು ನೇರವಾದವು, ಅವಧಿ ಇಳಿಯಿತು.

ಮೂರನೆಯದು ಮನುಷ್ಯರು ಗೆರೆ ಹಾಕಿದ ಆಕಾಶ. 1944ರ ಶಿಕಾಗೊ ಒಪ್ಪಂದದ ಪ್ರಕಾರ ಪ್ರತಿ ದೇಶಕ್ಕೂ ತನ್ನ ನೆಲದ ಮೇಲಿನ ವಾಯುಪ್ರದೇಶದ ಮೇಲೆ ಸಂಪೂರ್ಣ ಅಧಿಕಾರವಿದೆ. ಆ ಬಾಗಿಲು ತೆರೆದರೆ ಪ್ರಯಾಣ ಚಿಕ್ಕದಾಗುತ್ತದೆ, ಮುಚ್ಚಿದರೆ ಬೆಳೆಯುತ್ತದೆ. 2018ರ ಮಾರ್ಚ್‌ನಲ್ಲಿ ಸೌದಿ ಅರೇಬಿಯಾ ಅನುಮತಿ ಕೊಟ್ಟಿದ್ದರಿಂದ ಏರ್ ಇಂಡಿಯಾದ ದೆಹಲಿ–ಟೆಲ್ ಅವೀವ್ ವಿಮಾನ ಆ ದೇಶದ ಮೇಲೆ ಹಾರಿತು. ಆಗ ಇಸ್ರೇಲಿನ ಎಲ್ ಅಲ್ ಸಂಸ್ಥೆಯ ಮುಂಬೈ ವಿಮಾನ ಅರೇಬಿಯಾವನ್ನು ಸುತ್ತಿ ಕೆಂಪು ಸಮುದ್ರದ ಮೇಲಿಂದ ಹೋಗಬೇಕಾಗಿತ್ತು. 2019ರ ಫೆಬ್ರವರಿಯಿಂದ ಜುಲೈವರೆಗೆ ಪಾಕಿಸ್ತಾನ ತನ್ನ ವಾಯುಪ್ರದೇಶವನ್ನು ಮುಚ್ಚಿದಾಗ ಉತ್ತರ ಭಾರತದಿಂದ ಯುರೋಪು, ಅಮೆರಿಕಗಳಿಗೆ ಹೋಗುವ ವಿಮಾನಗಳು ಗುಜರಾತಿನ ಕಡೆಗೆ ಇಳಿದು ಅರಬ್ಬಿ ಸಮುದ್ರದ ಮೇಲೆ ಬಳಸಿ ಹಾರಿದವು. 2025ರ ಏಪ್ರಿಲ್‌ನಲ್ಲಿ ಭಾರತೀಯ ಸಂಸ್ಥೆಗಳಿಗೆ ಆ ಬಾಗಿಲು ಮತ್ತೆ ಮುಚ್ಚಿತು. 2022ರಲ್ಲಿ ಉಕ್ರೇನ್ ಯುದ್ಧ ಶುರುವಾಗಿ ರಷ್ಯಾದ ಆಕಾಶ ಯುರೋಪಿನ ವಿಮಾನಗಳಿಗೆ ಇಲ್ಲವಾದಾಗ, ಫಿನ್‌ಏರ್‌ನ ಹೆಲ್ಸಿಂಕಿ–ಟೋಕಿಯೊ ಪ್ರಯಾಣ ಒಂಬತ್ತೂವರೆ ಗಂಟೆಯಿಂದ ಸುಮಾರು ಹದಿಮೂರು ಗಂಟೆಗೆ ಹಿಗ್ಗಿತು. ಆ ಎರಡು ನಗರಗಳ ನಡುವಣ ದೂರ ಒಂದು ಮೀಟರೂ ಬದಲಾಗಿರಲಿಲ್ಲ.

ಇವಲ್ಲದೆ ಸೇನೆಗೆ ಮೀಸಲಾದ ಆಕಾಶ, ಗುಡುಗುಮೋಡಗಳು, ನಿಗದಿತ ವಾಯುಮಾರ್ಗಗಳ ತಿರುವುಗಳು, ರನ್‌ವೇಯ ದಿಕ್ಕಿಗೆ ಹೊಂದಿಕೊಳ್ಳಲು ಹಾಕುವ ಸುತ್ತು ಎಲ್ಲವೂ ದಾರಿಯನ್ನು ಹಿಗ್ಗಿಸುತ್ತವೆ. ಇಂಗಾಲದ ಲೆಕ್ಕ ಹಾಕುವಾಗ ಅಂತರರಾಷ್ಟ್ರೀಯ ನಾಗರಿಕ ವಿಮಾನಯಾನ ಸಂಸ್ಥೆ ಇದಕ್ಕೊಂದು ಸರಳ ತಿದ್ದುಪಡಿ ಸೇರಿಸುತ್ತದೆ: 550 ಕಿ.ಮೀ.ಗಿಂತ ಚಿಕ್ಕ ಮಾರ್ಗಕ್ಕೆ 50 ಕಿ.ಮೀ., 5,500 ಕಿ.ಮೀ.ವರೆಗೆ 100 ಕಿ.ಮೀ., ಅದಕ್ಕೂ ಮೀರಿದರೆ 125 ಕಿ.ಮೀ.

ಗಾಳಿಯ ಪಾತ್ರ

ಅವಧಿಯನ್ನು ಏರಿಳಿಸುವ ನೈಸರ್ಗಿಕ ಕಾರಣಗಳಲ್ಲಿ ಗಾಳಿಯೇ ದೊಡ್ಡದು. ವಿಮಾನದ ಎಂಜಿನ್ ಕೊಡುವ ವೇಗ ಸುತ್ತಲಿನ ಗಾಳಿಗೆ ಸಾಪೇಕ್ಷವಾದದ್ದು. ಆ ಗಾಳಿಯೇ ಚಲಿಸುತ್ತಿದ್ದರೆ ನೆಲದ ಮೇಲೆ ಕ್ರಮಿಸುವ ವೇಗ ಹೆಚ್ಚುತ್ತದೆ ಅಥವಾ ಕುಗ್ಗುತ್ತದೆ. ಗಂಟೆಗೆ 900 ಕಿ.ಮೀ. ಹಾರುವ ವಿಮಾನಕ್ಕೆ 100 ಕಿ.ಮೀ. ವೇಗದ ಗಾಳಿ ಹಿಂದಿನಿಂದ ಬೀಸಿದರೆ 4,000 ಕಿ.ಮೀ. ದಾರಿ ನಾಲ್ಕು ಗಂಟೆಯಲ್ಲಿ ಮುಗಿಯುತ್ತದೆ; ಮರಳುವಾಗ ಅದೇ ಗಾಳಿ ಎದುರಾಗಿ ಐದು ಗಂಟೆ ಹಿಡಿಯುತ್ತದೆ. ಒಟ್ಟು ಒಂಬತ್ತು ಗಂಟೆ. ಗಾಳಿಯೇ ಇರದಿದ್ದರೆ ಎಂಟು ಗಂಟೆ 53 ನಿಮಿಷ ಸಾಕಿತ್ತು. ಹೋಗುವಾಗಿನ ಲಾಭ ಬರುವಾಗಿನ ನಷ್ಟವನ್ನು ಎಂದೂ ಪೂರ್ತಿ ತುಂಬದು, ಏಕೆಂದರೆ ಎದುರುಗಾಳಿಯಲ್ಲಿ ವಿಮಾನ ಹೆಚ್ಚು ಹೊತ್ತು ಕಳೆಯಬೇಕಾಗುತ್ತದೆ.

ಮಧ್ಯ ಅಕ್ಷಾಂಶಗಳಲ್ಲಿ ಸುಮಾರು 9ರಿಂದ 16 ಕಿ.ಮೀ. ಎತ್ತರದಲ್ಲಿ ಪಶ್ಚಿಮದಿಂದ ಪೂರ್ವಕ್ಕೆ ಧಾವಿಸುವ ಕಿರಿದಾದ ಗಾಳಿಯ ಹೊನಲುಗಳಿಗೆ ಜೆಟ್ ಪ್ರವಾಹ ಎಂದು ಹೆಸರು. ಜಪಾನಿನ ಹವಾಮಾನ ತಜ್ಞ ವಾಸಾಬುರೊ ಓಯಿಶಿ 1920ರ ದಶಕದಲ್ಲಿ ಬಲೂನುಗಳನ್ನು ಹಾರಿಸಿ ಇದನ್ನು ಅಳೆದ. ತನ್ನ ವರದಿಯನ್ನು ಎಸ್ಪೆರಾಂಟೊ ಭಾಷೆಯಲ್ಲಿ ಪ್ರಕಟಿಸಿದ್ದರಿಂದ ಹೊರಗಿನವರ ಗಮನ ಅದರತ್ತ ಹರಿಯಲಿಲ್ಲ. ಎರಡನೆಯ ಮಹಾಯುದ್ಧದಲ್ಲಿ ಜಪಾನಿನ ಮೇಲೆ ಎತ್ತರದಲ್ಲಿ ಹಾರಿದ ಅಮೆರಿಕದ ಬಾಂಬರುಗಳು ಈ ಗಾಳಿಗೆ ಸಿಕ್ಕಿದಾಗ ಅದರ ಬಲ ಪ್ರಪಂಚಕ್ಕೆ ಗೊತ್ತಾಯಿತು. ಚಳಿಗಾಲದಲ್ಲಿ ಅದು ಗಂಟೆಗೆ 300 ಕಿ.ಮೀ.ಗೂ ಮೀರುವುದುಂಟು. 2020ರ ಫೆಬ್ರವರಿಯಲ್ಲಿ ಕಿಯಾರಾ ಬಿರುಗಾಳಿಯ ದಿನಗಳಲ್ಲಿ ಬ್ರಿಟಿಷ್ ಏರ್‌ವೇಸ್‌ನ ಬೋಯಿಂಗ್ 747 ವಿಮಾನ ನ್ಯೂಯಾರ್ಕಿನಿಂದ ಲಂಡನ್ನಿಗೆ 4 ಗಂಟೆ 56 ನಿಮಿಷದಲ್ಲಿ ತಲಪಿತು. ಸಾಮಾನ್ಯವಾಗಿ ಆ ಪ್ರಯಾಣಕ್ಕೆ ಆರು ಗಂಟೆಯ ಮೇಲೆ ಬೇಕು.

ದಕ್ಷಿಣ ಭಾರತದ ಆಕಾಶಕ್ಕೆ ಇನ್ನೊಂದು ವಿಶೇಷವಿದೆ. ಮುಂಗಾರಿನ ತಿಂಗಳುಗಳಲ್ಲಿ ಪರ್ಯಾಯ ದ್ವೀಪದ ಮೇಲೆ ಬಹಳ ಎತ್ತರದಲ್ಲಿ ಪೂರ್ವದಿಂದ ಪಶ್ಚಿಮಕ್ಕೆ ಬೀಸುವ ಉಷ್ಣವಲಯದ ಪೂರ್ವ ಜೆಟ್ ಪ್ರವಾಹ ನೆಲೆಗೊಳ್ಳುತ್ತದೆ. ಭಾರತೀಯ ಹವಾಮಾನ ವಿಜ್ಞಾನಿ ಪಿ. ಕೋಟೇಶ್ವರಂ 1950ರ ದಶಕದಲ್ಲಿ ಇದನ್ನು ವಿವರಿಸಿದರು. ನೆಲದಲ್ಲಿ ನೈಋತ್ಯದಿಂದ ಮಳೆಗಾಳಿ ಬೀಸುತ್ತಿರುವಾಗಲೇ ಮೇಲೆ ಗಾಳಿಯ ದಿಕ್ಕು ತಿರುಗಿಬಿದ್ದಿರುತ್ತದೆ. ಜುಲೈನಲ್ಲಿ ಮಂಗಳೂರಿನಿಂದ ಕೊಲ್ಲಿ ದೇಶಗಳತ್ತ ಹೊರಟ ವಿಮಾನಕ್ಕೆ ಮೊದಲ ಭಾಗದಲ್ಲಿ ಗಾಳಿ ಹಿಂದಿನಿಂದ ನೆರವಾಗಬಹುದು. ಜನವರಿಯಲ್ಲಿ ಅದೇ ದಾರಿಯ ಮುಂದಿನ ಭಾಗದಲ್ಲಿ ಪಶ್ಚಿಮದ ಗಾಳಿ ಎದುರಾಗುತ್ತದೆ. ಬೆಂಗಳೂರು–ದೆಹಲಿ ಮಾರ್ಗವಾದರೋ ಬಹುಪಾಲು ದಕ್ಷಿಣೋತ್ತರವಾಗಿದೆ. ಪೂರ್ವ–ಪಶ್ಚಿಮದ ಗಾಳಿ ಅಲ್ಲಿ ಪಕ್ಕದಿಂದ ಬಡಿಯುವುದರಿಂದ ಎರಡೂ ದಿಕ್ಕಿನ ಅವಧಿಯಲ್ಲಿ ದೊಡ್ಡ ಅಂತರ ಕಾಣುವುದಿಲ್ಲ.

ಗಾಳಿಯನ್ನು ಹಿಡಿಯಲು ವಿಮಾನಗಳು ಬೇಕೆಂದೇ ಬಳಸುದಾರಿ ಹಿಡಿಯುತ್ತವೆ. ಅಟ್ಲಾಂಟಿಕ್ ಮೇಲೆ ಗಾಳಿಯ ಮುನ್ಸೂಚನೆ ನೋಡಿ ದಿನಕ್ಕೆರಡು ಬಾರಿ ಹೊಸ ಮಾರ್ಗಗಳನ್ನು ಪ್ರಕಟಿಸುವ ವ್ಯವಸ್ಥೆ ಬಹುಕಾಲದಿಂದ ಇದೆ. ಭಾರತದ ಅತ್ಯುತ್ತಮ ಉದಾಹರಣೆ 2016ರ ಅಕ್ಟೋಬರ್‌ನದು. ದೆಹಲಿಯಿಂದ ಅಟ್ಲಾಂಟಿಕ್ ಮೇಲೆ ಸ್ಯಾನ್ ಫ್ರಾನ್ಸಿಸ್ಕೊಗೆ ಹೋಗುತ್ತಿದ್ದ ಏರ್ ಇಂಡಿಯಾ ವಿಮಾನ ಆಗ ಪೆಸಿಫಿಕ್ ದಾರಿ ಹಿಡಿಯಿತು. ಹಾರಿದ ದೂರ ಸುಮಾರು 13,900 ಕಿ.ಮೀ.ಯಿಂದ 15,300 ಕಿ.ಮೀ.ಗೆ ಏರಿತು, ಆದರೆ ಪಶ್ಚಿಮದ ಗಾಳಿಯ ಬಲದಿಂದ ಪ್ರಯಾಣ ಸುಮಾರು ಹದಿನಾಲ್ಕೂವರೆ ಗಂಟೆಯಲ್ಲಿ ಮುಗಿದು, ಹಳೆಯ ದಾರಿಗಿಂತ ಎರಡು ಗಂಟೆಯಷ್ಟು ಉಳಿಯಿತು.

ಪ್ರಯಾಣಾವಧಿಯ ಅಂಗಗಳು

ವೇಳಾಪಟ್ಟಿಯಲ್ಲಿ ಕಾಣುವ ಅವಧಿಗೆ ವಿಮಾನಯಾನದವರು ಬ್ಲಾಕ್ ಟೈಮ್ ಎನ್ನುತ್ತಾರೆ. ಹೊರಡುವ ನಿಲ್ದಾಣದಲ್ಲಿ ಚಕ್ರಕ್ಕೆ ಕೊಟ್ಟ ತಡೆ ತೆಗೆದು ವಿಮಾನ ಕದಲಿದ ಕ್ಷಣದಿಂದ, ತಲಪಿದ ನಿಲ್ದಾಣದಲ್ಲಿ ಅದು ನಿಂತ ಕ್ಷಣದವರೆಗಿನ ಹೊತ್ತು ಇದು. ಆಕಾಶದಲ್ಲಿ ಕಳೆದ ಸಮಯ ಇದರ ಒಂದು ಭಾಗ ಮಾತ್ರ. ಹಿಂದಕ್ಕೆ ತಳ್ಳಿಸಿಕೊಂಡು ತಿರುಗುವುದು, ರನ್‌ವೇವರೆಗೆ ಉರುಳುವುದು, ಸರದಿಗಾಗಿ ಕಾಯುವುದು, ಇಳಿದ ಮೇಲೆ ಗೇಟಿನವರೆಗೆ ಸಾಗುವುದು ಎಲ್ಲವೂ ಇದರಲ್ಲಿ ಸೇರುತ್ತವೆ. ದಟ್ಟಣೆಯ ವೇಳೆ ತಡವಾಗಬಹುದೆಂದು ಸಂಸ್ಥೆಗಳು ಕೆಲವು ನಿಮಿಷ ಹೆಚ್ಚುವರಿಯಾಗಿ ಸೇರಿಸಿಯೇ ವೇಳಾಪಟ್ಟಿ ಹಾಕುತ್ತವೆ. ಒಂದೇ ಮಾರ್ಗದ ಬೆಳಗಿನ ವಿಮಾನಕ್ಕೂ ಸಂಜೆಯ ವಿಮಾನಕ್ಕೂ ಬೇರೆ ಅವಧಿ ಬರೆದಿರುವುದು ಇದೇ ಕಾರಣಕ್ಕೆ.

ಆಕಾಶದಲ್ಲೂ ವೇಗ ಒಂದೇ ಸಮನಿರುವುದಿಲ್ಲ. 10,000 ಅಡಿಗಿಂತ ಕೆಳಗೆ ಸಾಮಾನ್ಯವಾಗಿ 250 ನಾಟ್, ಅಂದರೆ ಗಂಟೆಗೆ 463 ಕಿ.ಮೀ. ಮಿತಿಯಿದೆ. ಮೇಲೇರಿದ ಮೇಲೆ ಏರ್‌ಬಸ್ ಎ320 ಗಂಟೆಗೆ ಸುಮಾರು 830 ಕಿ.ಮೀ., ಬೋಯಿಂಗ್ 777 ಸುಮಾರು 900 ಕಿ.ಮೀ. ವೇಗ ತಲಪುತ್ತವೆ. ಸಣ್ಣ ನಿಲ್ದಾಣಗಳಿಗೆ ಹಾರುವ, ರೆಕ್ಕೆಯಲ್ಲಿ ಪ್ರೊಪೆಲ್ಲರ್ ತಿರುಗುವ ಎಟಿಆರ್ 72ರ ವೇಗ ಸುಮಾರು 500 ಕಿ.ಮೀ. ಚಿಕ್ಕ ಮಾರ್ಗದಲ್ಲಿ ಏರಿ ಇಳಿಯುವುದರಲ್ಲೇ ಹೆಚ್ಚು ಹೊತ್ತು ಹೋಗುವುದರಿಂದ ಪೂರ್ಣ ವೇಗದಲ್ಲಿ ಹಾರುವ ಅವಕಾಶ ಕಡಿಮೆ. ಬೆಂಗಳೂರಿನಿಂದ ಹೊರಡುವ ಕೆಲವು ಮಾರ್ಗಗಳ ಅಂದಾಜು ಲೆಕ್ಕದಲ್ಲಿ ಇದು ಸ್ಪಷ್ಟವಾಗುತ್ತದೆ:

| ತಲಪುವ ಊರು | ಮಹಾವೃತ್ತದ ದೂರ (ಕಿ.ಮೀ.) | ಗೇಟಿನಿಂದ ಗೇಟಿಗೆ, ಸುಮಾರು | ಸರಾಸರಿ ವೇಗ (ಗಂಟೆಗೆ ಕಿ.ಮೀ.) |
|---|---|---|---|
| ಮಂಗಳೂರು | 306 | 1 ಗಂಟೆ | 306 |
| ಮುಂಬೈ | 835 | 1 ಗಂಟೆ 45 ನಿ. | 477 |
| ದೆಹಲಿ | 1,700 | 2 ಗಂಟೆ 45 ನಿ. | 618 |
| ದುಬೈ | 2,695 | 4 ಗಂಟೆ | 674 |
| ಸಿಂಗಪುರ | 3,180 | 4 ಗಂಟೆ 30 ನಿ. | 707 |
| ಲಂಡನ್ | 8,050 | 10 ಗಂಟೆ 30 ನಿ. | 767 |
| ಸ್ಯಾನ್ ಫ್ರಾನ್ಸಿಸ್ಕೊ | 13,990 | 17 ಗಂಟೆ | 823 |

ಮಂಗಳೂರಿಗಿಂತ ದೆಹಲಿ ಐದೂವರೆ ಪಟ್ಟು ದೂರ. ಸಮಯ ಮೂರು ಪಟ್ಟೂ ಇಲ್ಲ.

ಪ್ರಯಾಣಿಕರ ಪಾಲಿನ ಒಟ್ಟು ಸಮಯ ಇದಕ್ಕಿಂತಲೂ ಉದ್ದ. ದೇಶದೊಳಗಿನ ವಿಮಾನಕ್ಕೆ ಎರಡು ಗಂಟೆ, ಹೊರದೇಶದ ವಿಮಾನಕ್ಕೆ ಮೂರು ಗಂಟೆ ಮುಂಚೆ ನಿಲ್ದಾಣದಲ್ಲಿರಬೇಕೆಂಬುದು ಸಾಮಾನ್ಯ ಸೂಚನೆ. ದೇವನಹಳ್ಳಿಗೆ ನಗರದಿಂದ ಹೋಗುವ ಹೊತ್ತು, ಮಂಗಳೂರಿನ ನಿಲ್ದಾಣವಿರುವ ಬಜಪೆಯಿಂದ ಪೇಟೆಗೆ ಇಳಿಯುವ ಹೊತ್ತು ಸೇರಿಸಿದರೆ ಒಂದು ಗಂಟೆಯ ವಿಮಾನ ಅರ್ಧ ದಿನದ ಪ್ರಯಾಣವಾಗುತ್ತದೆ. ಮುನ್ನೂರು ಕಿಲೋಮೀಟರಿನೊಳಗೆ ರೈಲು, ಬಸ್ಸುಗಳು ವಿಮಾನಕ್ಕೆ ಸಾಟಿಯಾಗಿ ನಿಲ್ಲಲು ಸಾಧ್ಯವಾಗುವುದು ಹೀಗೆ.

ಗಡಿಯಾರದ ವ್ಯತ್ಯಾಸ

ಟಿಕೆಟ್ಟಿನಲ್ಲಿ ಮುದ್ರಿಸುವ ಹೊರಡುವ, ತಲಪುವ ವೇಳೆಗಳು ಆಯಾ ಊರಿನ ಗಡಿಯಾರದವು. ಒಂದನ್ನು ಇನ್ನೊಂದರಿಂದ ಕಳೆದರೆ ಪ್ರಯಾಣಾವಧಿ ಸಿಗುವುದಿಲ್ಲ. ದುಬೈ ಭಾರತಕ್ಕಿಂತ ಒಂದೂವರೆ ಗಂಟೆ ಹಿಂದಿದೆ. ಮಂಗಳೂರಿನಿಂದ ಬೆಳಿಗ್ಗೆ 9ಕ್ಕೆ ಹೊರಟು ಮೂರೂವರೆ ಗಂಟೆ ಪ್ರಯಾಣಿಸಿದವರು ದುಬೈ ಗಡಿಯಾರದಲ್ಲಿ 11ಕ್ಕೆ ಇಳಿಯುತ್ತಾರೆ. ಅಲ್ಲಿಂದ 9ಕ್ಕೆ ಹೊರಟು ಅಷ್ಟೇ ಹೊತ್ತು ಪ್ರಯಾಣಿಸಿದವರು ಮಂಗಳೂರಿನಲ್ಲಿ ಮಧ್ಯಾಹ್ನ 2ಕ್ಕೆ ಇಳಿಯುತ್ತಾರೆ. ಟಿಕೆಟ್ ಮಾತ್ರ ನೋಡಿದವರಿಗೆ ಒಂದು ಕಡೆ ಎರಡು ಗಂಟೆ, ಇನ್ನೊಂದು ಕಡೆ ಐದು ಗಂಟೆ ಎನಿಸುತ್ತದೆ. ನಿಜವಾದ ಅವಧಿಗಾಗಿ ಎರಡೂ ವೇಳೆಗಳನ್ನು ಒಂದೇ ಗಡಿಯಾರಕ್ಕೆ ತರಬೇಕು. ಅಮೆರಿಕ, ಯುರೋಪುಗಳಲ್ಲಿ ಬೇಸಿಗೆಯಲ್ಲಿ ಗಡಿಯಾರವನ್ನು ಒಂದು ಗಂಟೆ ಮುಂದಿಡುವ ಪದ್ಧತಿ ಇರುವುದರಿಂದ ಸ್ಯಾನ್ ಫ್ರಾನ್ಸಿಸ್ಕೊ ಭಾರತಕ್ಕಿಂತ ಚಳಿಗಾಲದಲ್ಲಿ ಹದಿಮೂರೂವರೆ ಗಂಟೆ, ಬೇಸಿಗೆಯಲ್ಲಿ ಹನ್ನೆರಡೂವರೆ ಗಂಟೆ ಹಿಂದಿರುತ್ತದೆ.

ಬೆಂಗಳೂರು–ಸ್ಯಾನ್ ಫ್ರಾನ್ಸಿಸ್ಕೊ: ಒಂದು ನಿದರ್ಶನ

ಮೇಲೆ ಹೇಳಿದ ಎಲ್ಲ ಅಂಶಗಳೂ ಒಂದೇ ಕಡೆ ಕೂಡುವ ಮಾರ್ಗ ಇದು. ಎರಡು ಸಾಫ್ಟ್‌ವೇರ್ ಕೇಂದ್ರಗಳ ನಡುವೆ, ಅಮೆರಿಕದ ಪಶ್ಚಿಮ ಕರಾವಳಿಯಲ್ಲಿ ನೆಲೆಸಿದ ಸಾವಿರಾರು ಕನ್ನಡಿಗರ ಮನೆಗೂ ತವರಿಗೂ ನಡುವೆ, ಏರ್ ಇಂಡಿಯಾ 2021ರ ಜನವರಿಯಲ್ಲಿ ತಡೆರಹಿತ ಸಂಚಾರ ಆರಂಭಿಸಿತು. ಮೊದಲ ವಿಮಾನ ಜನವರಿ 9ರಂದು ಸ್ಯಾನ್ ಫ್ರಾನ್ಸಿಸ್ಕೊದಿಂದ ಹೊರಟು 11ರ ನಸುಕಿನಲ್ಲಿ ಬೆಂಗಳೂರಿಗೆ ಬಂತು. ಕ್ಯಾಪ್ಟನ್ ಜೋಯಾ ಅಗರ್‌ವಾಲ್ ನೇತೃತ್ವದಲ್ಲಿ ಪೈಲಟ್‌ಗಳೆಲ್ಲರೂ ಮಹಿಳೆಯರೇ ಆಗಿದ್ದ ಈ ಹಾರಾಟ ಉತ್ತರ ಧ್ರುವದ ಮೇಲೆ ಹಾದು ಬಂದದ್ದು ಭಾರತೀಯ ವಿಮಾನಯಾನದ ಹೆಮ್ಮೆಯ ಘಟನೆ. ವಿಮಾನ ಬೋಯಿಂಗ್ 777-200ಎಲ್‌ಆರ್. ಎರಡು ನಗರಗಳ ನೇರ ದೂರ 13,993 ಕಿ.ಮೀ. ಎಂದು ಪ್ರಕಟಿಸಲಾಯಿತು. ಕ್ಯಾಲೆಂಡರಿನಲ್ಲಿ ತಾರೀಖು ಎರಡು ಸಲ ಬದಲಾದರೂ ಹಾರಿದ್ದು ಹದಿನೇಳು ಗಂಟೆಗಿಂತ ತುಸು ಹೆಚ್ಚು ಹೊತ್ತು ಮಾತ್ರ.

ಎದುರು ದಿಕ್ಕಿನಲ್ಲಿ ಗಡಿಯಾರ ಬೇರೆಯೇ ಲೆಕ್ಕ ತೋರಿಸುತ್ತದೆ. ಚಳಿಗಾಲದಲ್ಲಿ ಬೆಂಗಳೂರಿನಿಂದ ಮಧ್ಯಾಹ್ನ 2ಕ್ಕೆ ಹೊರಟು ಹದಿನಾರು ಗಂಟೆ ಹಾರಿದವರು ಅದೇ ದಿನ ಸಂಜೆ ನಾಲ್ಕೂವರೆಗೆ ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಇಳಿಯುತ್ತಾರೆ.

ಮಾರ್ಗದ ಆಯ್ಕೆ ಅಂದಿನ ಗಾಳಿಯನ್ನು ಅವಲಂಬಿಸಿದೆ. ಬೆಂಗಳೂರಿನಿಂದ ಹೋಗುವಾಗ ಪೂರ್ವಕ್ಕೆ, ಪೆಸಿಫಿಕ್ ಕಡೆಯಿಂದ ಹೋದರೆ ಜೆಟ್ ಪ್ರವಾಹ ನೆರವಾಗುತ್ತದೆ. ಮರಳುವಾಗ ಅದನ್ನು ತಪ್ಪಿಸಲು ಧ್ರುವದ ಕಡೆಗೆ ಸರಿಯುವುದು ಲಾಭಕರ. ಧ್ರುವದ ಆಕಾಶದಲ್ಲಿ ಬೇರೆ ಎಚ್ಚರ ಬೇಕು. ಸಾಮಾನ್ಯ ಜೆಟ್ ಇಂಧನ ಸುಮಾರು ಮೈನಸ್ 40 ಡಿಗ್ರಿಯಿಂದ ಮೈನಸ್ 47 ಡಿಗ್ರಿ ಸೆಲ್ಸಿಯಸ್‌ನಲ್ಲಿ ಹೆಪ್ಪುಗಟ್ಟತೊಡಗುವುದರಿಂದ ತೊಟ್ಟಿಯ ತಾಪಮಾನವನ್ನು ಗಮನಿಸುತ್ತಿರಬೇಕು. ಆಯಸ್ಕಾಂತದ ದಿಕ್ಸೂಚಿ ಅಲ್ಲಿ ನಂಬಿಕೆಗೆ ಬಾರದು. ಇದಕ್ಕೆ ಬೆಂಗಳೂರಿನ ಎತ್ತರವೂ ಸೇರಿಕೊಳ್ಳುತ್ತದೆ. ಸಮುದ್ರಮಟ್ಟದಿಂದ 915 ಮೀಟರ್ ಮೇಲಿರುವ ನಿಲ್ದಾಣದಲ್ಲಿ ಗಾಳಿ ತೆಳುವಾಗಿರುವುದರಿಂದ ಹದಿನೇಳು ಗಂಟೆಗಾಗುವಷ್ಟು ಇಂಧನ ಹೊತ್ತ ಭಾರದ ವಿಮಾನಕ್ಕೆ ಮೇಲೇಳಲು ಹೆಚ್ಚು ಓಟ ಬೇಕು. ಅಲ್ಲಿನ 4,000 ಮೀಟರಿನ ರನ್‌ವೇ ಇಂಥ ಪ್ರಯಾಣಕ್ಕೆ ಆಸರೆ.

ಐತಿಹಾಸಿಕ ಬೆಳವಣಿಗೆ

ಮೊದಲ ದಶಕಗಳಲ್ಲಿ ವಿಮಾನ ಎಷ್ಟು ಹೊತ್ತು ಹಾರಬಲ್ಲದು ಎಂಬುದೇ ಪ್ರಶ್ನೆಯಾಗಿತ್ತು. 1927ರಲ್ಲಿ ಚಾರ್ಲ್ಸ್ ಲಿಂಡ್‌ಬರ್ಗ್ ನ್ಯೂಯಾರ್ಕಿನಿಂದ ಪ್ಯಾರಿಸ್ಸಿಗೆ ಸುಮಾರು 5,800 ಕಿ.ಮೀ. ದೂರವನ್ನು ಒಬ್ಬನೇ ಮೂವತ್ತಮೂರೂವರೆ ಗಂಟೆಯಲ್ಲಿ ಕ್ರಮಿಸಿದ. 1932ರ ಅಕ್ಟೋಬರ್ 15ರಂದು ಜೆ.ಆರ್.ಡಿ. ಟಾಟಾ ಕರಾಚಿಯಿಂದ ಅಹಮದಾಬಾದ್ ಮೂಲಕ ಮುಂಬೈಗೆ ಟಪಾಲು ಹೊತ್ತ ಪುಟ್ಟ ಪಸ್ ಮಾತ್ ವಿಮಾನವನ್ನು ಹಾರಿಸಿದರು; ಅಲ್ಲಿಂದ ಮುಂದೆ ನೆವಿಲ್ ವಿನ್ಸೆಂಟ್ ಅದನ್ನು ಬಳ್ಳಾರಿಯ ಮೂಲಕ ಮದ್ರಾಸಿಗೆ ಒಯ್ದ. ಭಾರತದ ಮೊದಲ ನಿಯತ ವಾಯುಮಾರ್ಗಗಳಲ್ಲಿ ಒಂದಕ್ಕೆ ಬಳ್ಳಾರಿ ಹೀಗೆ ತಂಗುದಾಣವಾಯಿತು. ಅಂದಿನ ವಿಮಾನಗಳಿಗೆ ಇಂಧನಕ್ಕಾಗಿ ನಿಲ್ಲುವುದು ಅನಿವಾರ್ಯ, ಆದ್ದರಿಂದ ಅವಧಿ ಎಂದರೆ ನಿಲುಗಡೆಗಳ ಮೊತ್ತವೂ ಆಗಿತ್ತು. 1948ರ ಜೂನ್ 8ರಂದು ಮುಂಬೈಯಿಂದ ಹೊರಟ ಏರ್ ಇಂಡಿಯಾ ಇಂಟರ್‌ನ್ಯಾಷನಲ್‌ನ ಮೊದಲ ಲಂಡನ್ ವಿಮಾನ ಕೈರೊ, ಜಿನೀವಾಗಳಲ್ಲಿ ತಂಗಿ ಮುಂದುವರಿಯಿತು.

1954ರಲ್ಲಿ ಸ್ಕ್ಯಾಂಡಿನೇವಿಯನ್ ಏರ್‌ಲೈನ್ಸ್ ಕೋಪನ್‌ಹೇಗನ್–ಲಾಸ್ ಏಂಜಲಿಸ್ ನಡುವೆ ಆರ್ಕ್‌ಟಿಕ್ ಮೇಲಿನ ನಿಯತ ಸಂಚಾರ ಆರಂಭಿಸಿತು. ಆ ದಶಕದ ಕೊನೆಗೆ ಜೆಟ್ ವಿಮಾನಗಳು ಬಂದು ಅವಧಿ ಹೆಚ್ಚುಕಡಿಮೆ ಅರ್ಧಕ್ಕಿಳಿಯಿತು. ಶಬ್ದಾತೀತ ಕಾಂಕಾರ್ಡ್ 1996ರ ಫೆಬ್ರವರಿ 7ರಂದು ನ್ಯೂಯಾರ್ಕ್–ಲಂಡನ್ ದೂರವನ್ನು 2 ಗಂಟೆ 52 ನಿಮಿಷ 59 ಸೆಕೆಂಡಿನಲ್ಲಿ ಮುಗಿಸಿತು. 2003ರಲ್ಲಿ ಅದು ನಿವೃತ್ತಿಯಾದ ಮೇಲೆ ಪ್ರಯಾಣಿಕರ ವಿಮಾನದ ವೇಗ ಮತ್ತೆ ಆ ಮಟ್ಟ ಮುಟ್ಟಿಲ್ಲ. ಅಂದಿನಿಂದ ಆಗಿರುವ ಸುಧಾರಣೆಯೆಲ್ಲ ನಿಲ್ಲದೆ ಹಾರುವ ದೂರದ್ದು. ಸಿಂಗಪುರ–ನ್ಯೂಯಾರ್ಕ್ ಮಾರ್ಗ ಸುಮಾರು 15,350 ಕಿ.ಮೀ. ಉದ್ದವಿದ್ದು ಹದಿನೆಂಟು ಗಂಟೆ ಮೀರುತ್ತದೆ. ಇನ್ನೊಂದು ತುದಿಯಲ್ಲಿ ಸ್ಕಾಟ್ಲೆಂಡಿನ ಆರ್ಕ್ನಿ ದ್ವೀಪಗಳ ವೆಸ್ಟ್ರೆ–ಪಾಪಾ ವೆಸ್ಟ್ರೆ ನಡುವಣ 2.7 ಕಿ.ಮೀ. ಹಾರಾಟವಿದೆ, ವೇಳಾಪಟ್ಟಿಯಲ್ಲಿ ಅದಕ್ಕೆ ಎರಡೇ ನಿಮಿಷ.

ಕಾನೂನು ಮತ್ತು ದರ

ಪ್ರಯಾಣಿಕರ ಹಕ್ಕಿನ ಲೆಕ್ಕಕ್ಕೆ ಯಾವುದನ್ನು ಆಧಾರ ಮಾಡಬೇಕೆಂಬಲ್ಲಿ ದೇಶಗಳು ಬೇರೆ ಬೇರೆ ದಾರಿ ಹಿಡಿದಿವೆ. ಯುರೋಪ್ ಒಕ್ಕೂಟದ 2004ರ ನಿಯಮ ದೂರವನ್ನು ನಂಬುತ್ತದೆ: 1,500 ಕಿ.ಮೀ.ವರೆಗೆ 250 ಯೂರೊ, ಮಧ್ಯಮ ದೂರಕ್ಕೆ 400, ಅತಿ ದೂರಕ್ಕೆ 600 ಯೂರೊ ಪರಿಹಾರ. ಅಳೆಯುವುದು ಮಹಾವೃತ್ತದ ವಿಧಾನದಿಂದ ಎಂದು ನಿಯಮದಲ್ಲೇ ಬರೆದಿದೆ. ಭಾರತದ ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯ ಬ್ಲಾಕ್ ಟೈಮ್ ಅನ್ನು ನಂಬುತ್ತದೆ: ಮುನ್ಸೂಚನೆಯಿಲ್ಲದೆ ವಿಮಾನ ರದ್ದಾದಾಗ ಕೊಡುವ ಪರಿಹಾರದ ಗರಿಷ್ಠ ಮೊತ್ತ ಒಂದು ಗಂಟೆಯವರೆಗಿನ ಮಾರ್ಗಕ್ಕೆ ₹5,000, ಎರಡು ಗಂಟೆಯವರೆಗೆ ₹7,500, ಅದಕ್ಕೂ ಮೀರಿದರೆ ₹10,000. ಕೋವಿಡ್ ಕಾಲದಲ್ಲಿ, 2020ರ ಮೇ ತಿಂಗಳಿಂದ, ದೇಶದೊಳಗಿನ ದರಗಳಿಗೆ ಮಿತಿ ಹಾಕಿದಾಗಲೂ ಕೇಂದ್ರ ಸರ್ಕಾರ ಮಾರ್ಗಗಳನ್ನು ಅವಧಿಯ ಪ್ರಕಾರ ಏಳು ವರ್ಗಗಳಾಗಿ ವಿಂಗಡಿಸಿತು. 40 ನಿಮಿಷಕ್ಕಿಂತ ಕಡಿಮೆಯದು ಮೊದಲ ವರ್ಗ. ಮೈಸೂರು, ಬೀದರ್, ಕಲಬುರಗಿಯಂಥ ನಿಲ್ದಾಣಗಳಿಗೆ ಜೀವ ತುಂಬಿದ ಉಡಾನ್ ಯೋಜನೆ 2017ರಲ್ಲಿ ಕಾರ್ಯಾರಂಭ ಮಾಡಿದಾಗ ಸುಮಾರು 500 ಕಿ.ಮೀ. ಅಥವಾ ಒಂದು ಗಂಟೆಯ ಪ್ರಯಾಣಕ್ಕೆ ₹2,500 ಎಂದು ಎರಡನ್ನೂ ಸೇರಿಸಿ ಹೇಳಿತು.

ದೂರದ ಆಧಾರ ನಿಷ್ಪಕ್ಷಪಾತವಾದದ್ದು, ಯಾರೂ ತಿದ್ದಲಾಗದ್ದು. ಅವಧಿಯ ಆಧಾರ ಪ್ರಯಾಣಿಕರ ಅನುಭವಕ್ಕೆ ಹತ್ತಿರ. ಆದರೆ ಅದನ್ನು ಬರೆಯುವವರು ವೇಳಾಪಟ್ಟಿ ಮಾಡುವ ಸಂಸ್ಥೆಯವರೇ.

ಅಂದಾಜು ಮಾಡುವ ಕ್ರಮ

ದೂರ ತಿಳಿದಿದ್ದರೆ ಜೆಟ್ ವಿಮಾನದ ಅವಧಿಯನ್ನು ಅಂದಾಜಿಸಲು ಸುಲಭ ವಿಧಾನವಿದೆ: ಕಿಲೋಮೀಟರುಗಳನ್ನು 800ರಿಂದ ಭಾಗಿಸಿ, ಏರಿಳಿತಕ್ಕೂ ನೆಲದ ಓಡಾಟಕ್ಕೂ ಅರ್ಧ ಗಂಟೆ ಸೇರಿಸುವುದು. ದೆಹಲಿಗೆ ಇದು ಎರಡು ಗಂಟೆ 38 ನಿಮಿಷ ಕೊಡುತ್ತದೆ, ವೇಳಾಪಟ್ಟಿಗೆ ಹತ್ತಿರವೇ. ಪಶ್ಚಿಮಕ್ಕೆ ದೂರಪ್ರಯಾಣವಾದರೆ ಇದಕ್ಕೆ ಇನ್ನಷ್ಟು ಸೇರಿಸಬೇಕು, ಪೂರ್ವಕ್ಕಾದರೆ ಕಳೆಯಬೇಕು. ಚಳಿಗಾಲದಲ್ಲಿ ಈ ತಿದ್ದುಪಡಿ ದೊಡ್ಡದು. ಪ್ರೊಪೆಲ್ಲರ್ ವಿಮಾನವಾದರೆ 800ರ ಜಾಗದಲ್ಲಿ 500 ಇಡಬೇಕು. ದಾರಿಯಲ್ಲಿ ಎತ್ತರದ ಪರ್ವತವಿದೆಯೇ, ಮುಚ್ಚಿದ ಆಕಾಶವಿದೆಯೇ ಎಂದು ನೋಡಬೇಕು. ಕೊನೆಯಲ್ಲಿ ಎರಡೂ ಊರುಗಳ ಗಡಿಯಾರಗಳನ್ನು ಹೊಂದಿಸಬೇಕು. ಆದ್ದರಿಂದ ಇಂತಲ್ಲಿಂದ ಇಂತಲ್ಲಿಗೆ ಎಷ್ಟು ದೂರ ಎಂಬ ಪ್ರಶ್ನೆಗೆ ಒಂದೇ ಸಂಖ್ಯೆ ಸಾಕು. ಎಷ್ಟು ಹೊತ್ತು ಎಂಬ ಪ್ರಶ್ನೆಗಾದರೆ ಯಾವ ದಿಕ್ಕು, ಯಾವ ಋತು, ಯಾವ ವಿಮಾನ, ಯಾವ ದಾರಿ ಎಂಬ ನಾಲ್ಕನ್ನು ತಿಳಿದುಕೊಂಡೇ ಉತ್ತರ ಹೇಳಬೇಕು.